ಹೂವಿಗೂ ಹಕ್ಕಿಗೂ ಒಂದೇ ಪ್ರವಾಸ: ಮೆಡಿಟರೇನಿಯನ್‌ನ ಯಾವ ಬೆಟ್ಟ, ಯಾವ ವಾರ?

ಸಂಕ್ರಾಂತಿ ಕಳೆಯುತ್ತಿದ್ದ ಹಾಗೆ ಪ್ರತಿ ವರ್ಷ ಯಾರಾದರೂ ಒಬ್ಬರು ನನ್ನನ್ನು ಇದೇ ಪ್ರಶ್ನೆ ಕೇಳುತ್ತಾರೆ. ಏಪ್ರಿಲ್-ಮೇನಲ್ಲಿ ಹತ್ತು ದಿನ ರಜೆ ಸಿಗುತ್ತೆ, ಮೆಡಿಟರೇನಿಯನ್ ಕಡೆ ಯಾವುದಾದರೂ ಬೆಟ್ಟಕ್ಕೆ ಹೋಗಬೇಕು, ಕಾಡುಹೂವೂ ನೋಡಬೇಕು, ಹಕ್ಕಿಯೂ ನೋಡಬೇಕು, ಎಲ್ಲಿಗೆ ಹೋಗಲಿ? ನಾನು ತಿರುಗಿ ಕೇಳುವುದು ಒಂದೇ. ಯಾವ ಹತ್ತು ದಿನ? ಏಪ್ರಿಲ್ 10ರಿಂದ 20 ಅಂದರೆ ಒಂದು ಉತ್ತರ, ಮೇ 20ರಿಂದ 30 ಅಂದರೆ ಉತ್ತರ ಬೇರೆ, ದೇಶವೇ ಬೇರೆ. ನಾವು ಸಾಮಾನ್ಯವಾಗಿ ಊರು ಆರಿಸಿಕೊಂಡು ಆಮೇಲೆ ರಜೆ ಹೊಂದಿಸುತ್ತೇವೆ. ಈ ಪ್ರವಾಸಕ್ಕೆ ಹಾಗೆ ಮಾಡಿದರೆ ಕೆಡುತ್ತದೆ. ಮೊದಲು ವಾರ, ಆಮೇಲೆ ಬೆಟ್ಟ.

ಕೆಲಸದ ಮೇಲೆ ಆರು ವರ್ಷ ಮ್ಯೂನಿಕ್‌ನಲ್ಲಿದ್ದೆ. ಅಕ್ಕ ಸಾಗರದಲ್ಲಿ ಕಾಲೇಜಿನ ಹುಡುಗರಿಗೆ ಸಸ್ಯಶಾಸ್ತ್ರ ಕಲಿಸುತ್ತಿದ್ದವಳು. ನಿವೃತ್ತಿಯಾದ ಮೇಲೆ ಪ್ರತಿ ವಸಂತದಲ್ಲೂ ನನ್ನ ಹತ್ತಿರ ಬರುತ್ತಿದ್ದಳು, ಇಬ್ಬರೂ ಸೇರಿ ಒಂದೊಂದು ವರ್ಷ ಒಂದೊಂದು ಬೆಟ್ಟಕ್ಕೆ ಹೋಗುತ್ತಿದ್ದೆವು. ಅವಳ ಕಣ್ಣು ನೆಲದ ಮೇಲೆ, ನನ್ನದು ಆಕಾಶದಲ್ಲಿ. ಹೀಗಾಗಿ ಹೂವಿಗೂ ಹಕ್ಕಿಗೂ ನಡುವೆ ಸಮಯ ಹೇಗೆ ಹಂಚಿಹೋಗುತ್ತದೆ ಅನ್ನುವುದು ನಮಗೆ ಚೆನ್ನಾಗಿ ಗೊತ್ತಾಯಿತು. ಕ್ರೀಟ್, ಸ್ಪೇನಿನ ಗ್ರಾಸಲೇಮಾ, ಅದೇ ಸ್ಪೇನಿನ ಉತ್ತರಕ್ಕೆ ಆರಗಾನ್, ಸೈಪ್ರಸ್‌ನ ಟ್ರೂಡೋಸ್, ಟರ್ಕಿಯ ಅಲಾದಾಲಾರ್, ಈ ಐದರಲ್ಲಿ ಯಾರಿಗೆ ಯಾವುದು ಸರಿ ಅಂತ ನನಗೆ ಅನಿಸಿದ್ದನ್ನು ಬರೆಯುತ್ತಿದ್ದೇನೆ.

ಮೊದಲು ಒಂದು ವಿಷಯ ಅರ್ಥ ಮಾಡಿಕೊಂಡರೆ ಉಳಿದದ್ದೆಲ್ಲ ಸುಲಭ. ನಮ್ಮ ಘಟ್ಟದಲ್ಲಿ ಮಳೆಗಾಲ ಬಂದು ಹೋಗುವಾಗ, ಆಗಸ್ಟ್-ಸೆಪ್ಟೆಂಬರ್‌ನಲ್ಲಿ ಹುಲ್ಲುಗಾವಲು ಹೂ ಬಿಡುತ್ತದೆ. ಅಲ್ಲಿ ಮಳೆ ಬೀಳುವುದು ಚಳಿಗಾಲದಲ್ಲಿ. ಬೇಸಿಗೆಯಲ್ಲಿ ನೆಲ ಸುಟ್ಟು ಒಣಗುತ್ತದೆ. ನಡುವೆ ಸಿಗುವ ಕೆಲವೇ ವಾರಗಳಲ್ಲಿ ಎಲ್ಲ ಗಿಡವೂ ಹೂ ಬಿಟ್ಟು, ಬೀಜ ಕಟ್ಟಿ, ಮತ್ತೆ ಗೆಡ್ಡೆಯೊಳಗೆ ಸೇರಿಕೊಳ್ಳಬೇಕು. ಸಾವಿರ ಮೀಟರ್ ಮೇಲೆ ಹೋದರೆ ಸುಮಾರು 6 ಡಿಗ್ರಿ ತಂಪು. ಹಾಗಾಗಿ ವಸಂತ ಒಂದೇ ದಿನ ಬರುವುದಿಲ್ಲ, ಮಾರ್ಚ್‌ನಲ್ಲಿ ಸಮುದ್ರದ ಪಕ್ಕ ಶುರುವಾಗಿ ಮೆಟ್ಟಿಲು ಹತ್ತಿದ ಹಾಗೆ ಮೇಲೆ ಹತ್ತಿಕೊಂಡು ಹೋಗಿ ಜೂನ್‌ನಲ್ಲಿ ಹಿಮದ ಅಂಚು ತಲುಪುತ್ತದೆ. ಕೆಳಗೆ ಹೂವು ಮುಗಿದಾಗ ಮೇಲೆ ಇನ್ನೂ ಮೊಗ್ಗು.

ಹಕ್ಕಿಗಳ ಲೆಕ್ಕ ಬೇರೆ. ರಣಹದ್ದುಗಳು ವರ್ಷವಿಡೀ ಅಲ್ಲೇ ಇರುತ್ತವೆ. ಆಫ್ರಿಕಾದಿಂದ ಬರುವ ಕಳ್ಳಿಪೀರ, ಹೊನ್ನಕ್ಕಿ, ನೀಲಕಂಠ ಇವೆಲ್ಲ ಏಪ್ರಿಲ್ ನಡುವಿನಿಂದ ಮೇ ತನಕ ಬರುತ್ತಲೇ ಇರುತ್ತವೆ. ಅಂದರೆ ತಗ್ಗಿನ ಆರ್ಕಿಡ್‌ಗಳು ಮುಗಿಯುವ ಹೊತ್ತಿಗೆ ಹಕ್ಕಿಗಳ ಸಂತೆ ಜೋರಾಗುತ್ತದೆ. ಎರಡೂ ಒಂದೇ ದಿನ ತುದಿಗೆ ಬರುವ ಜಾಗ ಇಲ್ಲ. ಆದರೆ ಒಂದೇ ದಿನದಲ್ಲಿ ಕಾರಿನಲ್ಲಿ ಮೇಲೆ ಕೆಳಗೆ ಓಡಾಡಿ, ಮೂರು ಎತ್ತರಗಳಲ್ಲಿ ವಸಂತದ ಮೂರು ಹಂತ ನೋಡಬಹುದಾದ ಜಾಗಗಳಿವೆ. ಬೆಟ್ಟ ಆರಿಸುವಾಗ ನಾನು ನೋಡುವುದು ಇದನ್ನೇ.

ಏಪ್ರಿಲ್ ಎರಡು-ಮೂರನೇ ವಾರ ಅಂದರೆ ಕ್ರೀಟ್

ಮೊದಲ ಸಲ ಹೋಗುವವರಿಗೆ, ಜೀವನದಲ್ಲಿ ಒಂದೇ ಸಲ ಹೋಗುತ್ತೇವೆ ಅನ್ನುವವರಿಗೆ ನಾನು ಯೋಚಿಸದೆ ಹೇಳುವುದು ಕ್ರೀಟ್. ಗ್ರೀಸಿಗೆ ಸೇರಿದ ಈ ಉದ್ದನೆಯ ದ್ವೀಪದ ಬೆನ್ನುಮೂಳೆಯ ಹಾಗೆ ಬೆಟ್ಟಗಳಿವೆ. ಅತಿ ಎತ್ತರದ್ದು ಸಿಲೋರಿಟಿಸ್, 2,456 ಮೀಟರ್. ಏಪ್ರಿಲ್‌ನಲ್ಲಿ ಅದರ ತಲೆಯ ಮೇಲೆ ಹಿಮ, ಕಾಲಬುಡದಲ್ಲಿ ಕಿತ್ತಳೆ ತೋಟ. ಮೆಟ್ಟಿಲು ಅಂದೆನಲ್ಲ, ಅದು ಇಲ್ಲಿ ಪೂರ್ತಿ ಇದೆ. ದ್ವೀಪದಲ್ಲಿ 1,700ಕ್ಕೂ ಹೆಚ್ಚು ಜಾತಿಯ ಗಿಡಗಳಿವೆ, ಅದರಲ್ಲಿ ಹೆಚ್ಚುಕಡಿಮೆ ಹತ್ತರಲ್ಲಿ ಒಂದು ಪ್ರಪಂಚದಲ್ಲಿ ಇನ್ನೆಲ್ಲೂ ಸಿಗದ್ದು.

ತಂಗಲು ಸ್ಪಿಲಿ ಅನ್ನುವ ಊರು ಹಿಡಿಯಿರಿ. ದೊಡ್ಡ ಊರಲ್ಲ, ಬೆಟ್ಟದ ಬುಡದಲ್ಲಿದೆ. ಅಲ್ಲಿಂದ ಗೆರಕಾರಿ ಕಡೆಗೆ ರಸ್ತೆ ಹತ್ತಿದರೆ ಸ್ವಲ್ಪ ದೂರದಲ್ಲೇ ಯೂಸ್ ಕಾಂಬೋಸ್ ಅನ್ನುವ ಬಯಲು, ಸುಮಾರು 700 ಮೀಟರ್ ಎತ್ತರದಲ್ಲಿ. ನಾವು ಹೋದಾಗ ಬೆಳಗ್ಗೆ ಎಂಟು ಗಂಟೆ, ಹುಲ್ಲಿನ ಮೇಲೆ ಇನ್ನೂ ಇಬ್ಬನಿ. ಮೇವು ಬೆಳೆಯುವ ಹೊಲದ ತುಂಬ ಕೆಂಪು ಟ್ಯುಲಿಪ್, ಡಾರ್ಫ್ಲೆರಿ ಅನ್ನುವ ಜಾತಿ, ಕ್ರೀಟ್ ಬಿಟ್ಟರೆ ಎಲ್ಲೂ ಇಲ್ಲ. ಚಳಿಗೆ ಎಲ್ಲ ಹೂವೂ ಮುಚ್ಚಿಕೊಂಡು ಮೊಗ್ಗಿನ ಹಾಗೆ ನಿಂತಿದ್ದವು. ಒಂಬತ್ತೂವರೆಗೆ ಬಿಸಿಲು ಬೇಲಿ ದಾಟಿ ಹೊಲಕ್ಕೆ ಇಳಿಯಿತು. ಬಿಸಿಲು ಮುಟ್ಟಿದ ಸಾಲು ಸಾಲಾಗಿ ಹೂವು ಬಿಚ್ಚುತ್ತಾ ಬಂತು, ಒಳಗೆ ಬುಡದಲ್ಲಿ ಕಪ್ಪು ಮಚ್ಚೆ ಕಂಡಿತು. ಅಕ್ಕ ಹೊಲದ ಬದುವಿನ ಮೇಲೆ ಕೂತು ಒಂದು ಗಂಟೆ ಎದ್ದೇಳಲಿಲ್ಲ. ಗೆಡ್ಡೆಗಳು ನೇಗಿಲಿಗೆ ಸಿಗದಷ್ಟು ಆಳದಲ್ಲಿ ಇರುವುದರಿಂದ ಹೊಲ ಉತ್ತರೂ ಉಳಿದುಕೊಂಡು ಬಂದಿವೆ. ಹೊಲದೊಳಗೆ ಕಾಲಿಡಬೇಡಿ, ಅದು ಯಾರದೋ ಬೆಳೆ. ಬದುವಿನಲ್ಲಿ ಕೂತರೆ ಸಾಕಷ್ಟು ಕಾಣುತ್ತದೆ.

ಹೊಲದ ಸುತ್ತ ಕಲ್ಲುಗುಡ್ಡದ ಮೇಲೆ ಆರ್ಕಿಡ್‌ಗಳು. ಮಲೆನಾಡಿನವರಿಗೆ ಆರ್ಕಿಡ್ ಅಂದರೆ ಮರದ ಮೇಲಿನ ಸೀತಾಳೆ ದಂಡೆ, ಕತ್ತೆತ್ತಿ ನೋಡುವಂಥದ್ದು. ಇಲ್ಲಿ ಎಲ್ಲವೂ ನೆಲದ ಮೇಲೆ, ಗೇಣುದ್ದ, ಮೊಣಕಾಲೂರಿ ನೋಡಬೇಕು. ಒಂದು ದಂಟಿನಲ್ಲಿ ಹತ್ತಾರು ತಿಳಿಗುಲಾಬಿ ಹೂವು, ಒಂದೊಂದು ಹೂವೂ ಟೋಪಿ ಹಾಕಿಕೊಂಡು ಕೈಕಾಲು ಬಿಟ್ಟ ಪುಟ್ಟ ಮನುಷ್ಯನ ಆಕಾರ, ಅದು ಆರ್ಕಿಸ್ ಇಟಾಲಿಕಾ. ಪಕ್ಕದಲ್ಲೇ ಹಳದಿ ಬಣ್ಣದ್ದು, ನೇರಳೆ ಬಣ್ಣದ್ದು, ದುಂಬಿಯ ಹಾಗೆ ಕಾಣುವ ಓಫ್ರಿಸ್ ಜಾತಿಗಳು. ಮೊದಲ ದಿನ ಎಲ್ಲದಕ್ಕೂ ಹೆಸರು ಹುಡುಕಲು ಹೋಗಬೇಡಿ. ಓಫ್ರಿಸ್‌ಗಳ ವಿಷಯದಲ್ಲಿ ತಜ್ಞರಲ್ಲೇ ಒಮ್ಮತ ಇಲ್ಲ. ಫೋಟೋ ತೆಗೆದುಕೊಳ್ಳಿ, ರಾತ್ರಿ ಕೂತು ನೋಡಿ.

ಹಕ್ಕಿಗೆ ಸ್ಪಿಲಿಯಿಂದ ದಕ್ಷಿಣಕ್ಕೆ ಕುರ್ತಲಿಯೋಟಿಕೋ ಕಮರಿ. ರಸ್ತೆ ಕಮರಿಯೊಳಗೇ ಹೋಗುತ್ತದೆ. ಮೆಟ್ಟಿಲು ಇಳಿಯುವ ಜಾಗದಲ್ಲಿ ಗಾಡಿ ನಿಲ್ಲಿಸಿ ಹತ್ತು ಗಂಟೆಯ ಮೇಲೆ ಕಾಯಿರಿ, ಬಂಡೆ ಕಾಯ್ದ ಮೇಲೆ ಗ್ರಿಫನ್ ರಣಹದ್ದುಗಳು ಒಂದೊಂದಾಗಿ ಎದ್ದು ತೇಲಲು ಶುರು ಮಾಡುತ್ತವೆ. ನೆರಳು ಮೊದಲು ಬರುತ್ತದೆ, ರಸ್ತೆಯ ಮೇಲೆ ಕಂಬಳಿ ಜಾರಿಹೋದ ಹಾಗೆ, ಆಮೇಲೆ ಕತ್ತೆತ್ತಿದರೆ ಹಕ್ಕಿ. ಗಡ್ಡದ ರಣಹದ್ದು ಕೈಬೆರಳಲ್ಲಿ ಎಣಿಸುವಷ್ಟು ಜೋಡಿ ಮಾತ್ರ ಉಳಿದಿದೆ, ಇಡೀ ಗ್ರೀಸ್‌ನಲ್ಲಿ ಅದು ಮರಿ ಮಾಡುವುದು ಈಗ ಕ್ರೀಟ್‌ನಲ್ಲಿ ಮಾತ್ರ. ಕಂಡರೆ ಅದೃಷ್ಟ. ನಾವು ಎಂಟು ದಿನದಲ್ಲಿ ಒಮ್ಮೆ ಕಂಡೆವು, ಅನೋಗಿಯಾ ಊರಿನ ಮೇಲಿನ ನಿಡಾ ಬಯಲಿನಲ್ಲಿ, ಅದೂ ದೂರದಲ್ಲಿ. ಆ ನಿಡಾ ಬಯಲಿಗೆ ಹೋಗಿ ಬನ್ನಿ. ಸುಮಾರು 1,400 ಮೀಟರ್ ಎತ್ತರ, ಕರಗುವ ಹಿಮದ ಅಂಚಿನಲ್ಲೇ ಕ್ರೋಕಸ್ ಮತ್ತು ನೀಲಿ ಕಿಯೊನೊಡೊಕ್ಸಾ ಮಣ್ಣು ಸೀಳಿಕೊಂಡು ಬರುತ್ತಿರುತ್ತವೆ. ಬೆಳಗ್ಗೆ ಸಮುದ್ರದ ಪಕ್ಕ ಮುಗಿಯುತ್ತಿರುವ ವಸಂತ, ಮಧ್ಯಾಹ್ನ ಇಲ್ಲಿ ಈಗ ತಾನೇ ಹುಟ್ಟುತ್ತಿರುವ ವಸಂತ.

ಸಮರಿಯಾ ಕಮರಿಯ ಬಗ್ಗೆ ಎಲ್ಲರೂ ಕೇಳುತ್ತಾರೆ. 16 ಕಿ.ಮೀ. ನಡಿಗೆ, ಒಂದೇ ದಿಕ್ಕು, ಕೊನೆಯಲ್ಲಿ ದೋಣಿ, ಆಮೇಲೆ ಬಸ್ಸು. ಸಾಮಾನ್ಯವಾಗಿ ಮೇ ಶುರುವಿನಲ್ಲಿ ತೆರೆಯುತ್ತದೆ, ಹಾಗಾಗಿ ಏಪ್ರಿಲ್‌ನಲ್ಲಿ ಹೋದವರಿಗೆ ಪ್ರಶ್ನೆಯೇ ಇಲ್ಲ. ತೆರೆದಿದ್ದರೂ, ಹೂವು-ಹಕ್ಕಿಗೆ ಬಂದವರು ಇಡೀ ಒಂದು ದಿನ ಜನಜಂಗುಳಿಯ ಜೊತೆ ಇಳಿಯುವುದಕ್ಕಿಂತ ಅದರ ಮೇಲಿನ ಒಮಾಲೋಸ್ ಬಯಲಿನಲ್ಲಿ ಅರ್ಧ ದಿನ ಸುತ್ತುವುದು ಒಳ್ಳೆಯದು. ಅಲ್ಲಿ ತಿಳಿನೇರಳೆ ಬಣ್ಣದ, ಹೊಟ್ಟೆಯಲ್ಲಿ ಹಳದಿ ಇರುವ ಇನ್ನೊಂದು ಟ್ಯುಲಿಪ್ ಇದೆ. ಏಪ್ರಿಲ್ ಕೊನೆಯಲ್ಲಿ ನೋಡಿ.

ಊಟದ ವಿಷಯಕ್ಕೆ ಬಂದರೆ, ಸಸ್ಯಾಹಾರಿಗಳಿಗೆ ಈ ಐದರಲ್ಲಿ ಕ್ರೀಟ್ ತುಂಬ ಸಲೀಸು. ಹೋರ್ತಾ ಅಂತ ಕೇಳಿ. ಬೆಟ್ಟದಲ್ಲಿ ಕಿತ್ತು ತಂದ ನಾಲ್ಕಾರು ಬಗೆಯ ಸೊಪ್ಪು ಬೇಯಿಸಿ, ಮೇಲೆ ಆಲಿವ್ ಎಣ್ಣೆ, ನಿಂಬೆರಸ ಹಾಕಿ ಕೊಡುತ್ತಾರೆ. ನಮ್ಮ ಬೆರಕೆ ಸೊಪ್ಪೇ. ದಾಕೋಸ್ ಅಂದರೆ ಬಾರ್ಲಿ ರಸ್ಕಿನ ಮೇಲೆ ಟೊಮೆಟೊ, ಚೀಸ್. ಅಕ್ಕನಿಗೆ ಎಂಟು ದಿನವೂ ಬೇಸರ ಬರಲಿಲ್ಲ.

ತೊಂದರೆ ಇಲ್ಲವೇ ಅಂದರೆ, ಇದೆ. ಗಾಳಿ ಜೋರು. ದಕ್ಷಿಣದಿಂದ ಬೀಸಿದರೆ ಆಫ್ರಿಕಾದ ಧೂಳು ತಂದು ಎರಡು ದಿನ ಆಕಾಶ ಮಬ್ಬಾಗಿಸಿಬಿಡುತ್ತದೆ. ಕಾರು ಇಲ್ಲದೆ ಆಗುವುದಿಲ್ಲ. ಇನ್ನು ಗ್ರೀಕರ ಈಸ್ಟರ್ ಹಬ್ಬದ ದಿನ ನೋಡಿಕೊಳ್ಳಿ, ಪಶ್ಚಿಮದವರ ಈಸ್ಟರ್‌ಗಿಂತ ಅದು ಬಹಳ ಸಲ ಬೇರೆ ದಿನ ಬರುತ್ತದೆ. 2027ರಲ್ಲಿ ಸ್ಪೇನಿಗೆ ಈಸ್ಟರ್ ಮಾರ್ಚ್ 28, ಗ್ರೀಸಿಗೆ ಮೇ 2. ಆ ವಾರ ಕೋಣೆ ಸಿಗುವುದು ಕಷ್ಟ, ಅಂಗಡಿಗಳೂ ಮುಚ್ಚಿರುತ್ತವೆ.

ಏಪ್ರಿಲ್ ಕೊನೆ, ಮೇ ಶುರು: ಗ್ರಾಸಲೇಮಾ ಮತ್ತು ರೋಂಡಾ

ದಕ್ಷಿಣ ಸ್ಪೇನಿನ ಮಲಗಾದಲ್ಲಿ ವಿಮಾನ ಇಳಿದರೆ ಎರಡು ಗಂಟೆಯೊಳಗೆ ರೋಂಡಾ ಊರು. ಇಲ್ಲಿನ ದೊಡ್ಡ ಅನುಕೂಲ ಇದು: ಎಲ್ಲವೂ ಹತ್ತಿರ. ವಯಸ್ಸಾದ ಅಪ್ಪ-ಅಮ್ಮ ಜೊತೆಗಿದ್ದರೆ, ಎಲ್ಲರಿಗೂ ಹಕ್ಕಿಯ ಹುಚ್ಚು ಇಲ್ಲದಿದ್ದರೆ, ಇದನ್ನೇ ಆರಿಸಿ. ಊರಿನ ನಡುವಿನ ಕಮರಿಯ ಮೇಲೆ 1793ರಲ್ಲಿ ಮುಗಿದ ಕಲ್ಲಿನ ಸೇತುವೆ. ಅದರ ಕಟ್ಟೆಗೆ ಒರಗಿ ನಿಂತು ಕೆಳಗೆ ನೋಡಿದರೆ ಚಫ್ ಕಾಗೆಗಳು, ಪುಟ್ಟ ಕೆಸ್ಟ್ರಲ್‌ಗಳು, ಜೋಗದ ಬಂಡೆಗಳ ಮುಂದೆ ಹಾರುವಂಥದ್ದೇ ಆಲ್ಪೈನ್ ಬಾನಾಡಿಗಳು, ಎಲ್ಲವೂ ನಮ್ಮ ಕಾಲ ಕೆಳಗೆ. ಹಕ್ಕಿಯ ಬೆನ್ನು ನೋಡುವ ಅವಕಾಶ ಎಷ್ಟು ಸಲ ಸಿಗುತ್ತೆ? ಮನೆಯವರು ಕಾಫಿ ಕುಡಿಯುತ್ತಿರುವಾಗ ನೀವು ಇಷ್ಟೂ ನೋಡಿ ಮುಗಿಸಬಹುದು.

ಗ್ರಾಸಲೇಮಾ ಅಲ್ಲಿಂದ ಮುಕ್ಕಾಲು ಗಂಟೆ. ಅಟ್ಲಾಂಟಿಕ್‌ನಿಂದ ಬರುವ ಮೋಡಗಳಿಗೆ ಸಿಗುವ ಮೊದಲ ಎತ್ತರದ ಬೆಟ್ಟ ಇದು. ವರ್ಷಕ್ಕೆ ಸುಮಾರು 2,000 ಮಿ.ಮೀ. ಮಳೆ, ಸ್ಪೇನಿನಲ್ಲಿ ಅದು ದೊಡ್ಡ ಮಾತು. ಅದಕ್ಕೇ ಇಲ್ಲಿ ಹಸಿರು ಜಾಸ್ತಿ ದಿನ ನಿಲ್ಲುತ್ತದೆ, ಮೇ ಎರಡನೇ ವಾರದಲ್ಲೂ ಹೂವು ಸಿಗುತ್ತದೆ. ಪಿನ್ಸಾಪೋ ಅನ್ನುವ ಫರ್ ಮರ ಹಿಮಯುಗದಿಂದ ಉಳಿದುಕೊಂಡು ಬಂದದ್ದು, ದಕ್ಷಿಣ ಸ್ಪೇನಿನ ಎರಡು-ಮೂರು ಬೆಟ್ಟಗಳಲ್ಲಿ ಮಾತ್ರ ಇದೆ. ಆ ಕಾಡಿನೊಳಗೆ ನಡೆಯಲು ಮೊದಲೇ ಅನುಮತಿ ಪಡೆಯಬೇಕು. ಗಾರ್ಗಾಂತಾ ವೆರ್ದೆ ಕಮರಿಗೂ ಅಷ್ಟೇ, ಅಲ್ಲಿ ರಣಹದ್ದುಗಳ ಗೂಡುಗಳಿವೆ. ನಾವು ಇದನ್ನು ಸರಿಯಾಗಿ ಓದಿಕೊಳ್ಳದೆ ಹೋಗಿ, ದಾರಿಯ ಬಾಗಿಲಿನಿಂದ ವಾಪಸ್ ಬಂದೆವು, ಆ ವಾರದ ಚೀಟಿಗಳೆಲ್ಲ ಮುಗಿದಿದ್ದವು. ಅಕ್ಕ ಪಿನ್ಸಾಪೋ ನೋಡಲೆಂದೇ ಸಾಗರದಿಂದ ಬಂದಿದ್ದಳು. ರಸ್ತೆಯಂಚಿನಿಂದ ಕಂಡ ನಾಲ್ಕು ಮರಗಳಲ್ಲೇ ಸಮಾಧಾನ ಮಾಡಿಕೊಂಡಳು. ಟಿಕೆಟ್ ಮಾಡಿದ ದಿನವೇ ಈ ಅನುಮತಿಗೂ ಬರೆಯಿರಿ.

ಕನ್ನಡಿ ಆರ್ಕಿಡ್ ನೋಡಬೇಕೆಂದರೆ ಇಲ್ಲಿಗೇ ಬನ್ನಿ. ಓಫ್ರಿಸ್ ಸ್ಪೆಕ್ಯುಲಮ್. ಆಲಿವ್ ತೋಟದ ಅಂಚಿನಲ್ಲಿ, ಮೇಕೆ ಮೇಯ್ದ ಗುಡ್ಡದಲ್ಲಿ ಕಾಣುತ್ತದೆ. ಹೆಬ್ಬೆರಳಿನ ಉಗುರಿಗಿಂತ ಸ್ವಲ್ಪ ದೊಡ್ಡ ಹೂವು. ನಡುವೆ ನುಣ್ಣನೆಯ ನೀಲಿ ತಗಡು ಮೆತ್ತಿದ ಹಾಗೆ ಹೊಳಪು, ಸುತ್ತ ಕಂದು ಕೂದಲಿನ ಅಂಚು. ಅದು ಒಂದು ಜಾತಿಯ ಹೆಣ್ಣು ಕಣಜದ ವೇಷ. ನೀಲಿ ಹೊಳಪು ಮಡಿಚಿದ ರೆಕ್ಕೆಯ ಮೇಲೆ ಬಿದ್ದ ಆಕಾಶದಂತೆ ಕಾಣುತ್ತದೆ. ವಾಸನೆಯೂ ಹೆಣ್ಣಿನದೇ. ಗಂಡು ಬಂದು ಕೂಡಲು ಹೋಗಿ ಮೋಸಹೋಗುತ್ತದೆ, ತಲೆಗೆ ಪರಾಗದ ಗಂಟು ಅಂಟಿಸಿಕೊಂಡು ಮುಂದಿನ ಹೂವಿಗೆ ಹೋಗಿ ಮತ್ತೆ ಮೋಸಹೋಗುತ್ತದೆ. ಹೂವಿನಲ್ಲಿ ಒಂದು ಹನಿ ಮಕರಂದವೂ ಇಲ್ಲ. ನಾವು ಇಬ್ಬರೂ ಹೊಟ್ಟೆಯ ಮೇಲೆ ಮಲಗಿ ಲೆನ್ಸಿನಲ್ಲಿ ನೋಡುತ್ತಿದ್ದಾಗಲೇ ಒಂದು ಕಣಜ ಬಂತು, ಮೂರು ಸೆಕೆಂಡು ಇತ್ತು, ಹೋಯಿತು. ಆ ಮೂರು ಸೆಕೆಂಡಿಗೆ ನಾನು ಆ ದಿನ ಬಿಟ್ಟ ಹಕ್ಕಿಗಳೆಲ್ಲ ಸಮ. ಆದರೆ ಈ ಹೂವು ಬೇಗ ಬರುತ್ತದೆ, ಮಾರ್ಚ್-ಏಪ್ರಿಲ್‌ನಲ್ಲೇ ಹೆಚ್ಚು. ಮೇ ತಿಂಗಳಲ್ಲಿ ಹೋಗುವವರು ಎತ್ತರದಲ್ಲಿ ಹುಡುಕಬೇಕು, ಬದಲಿಗೆ ಪಿಯೋನಿಯ ದೊಡ್ಡ ಗುಲಾಬಿ ಹೂವು ಸಿಗುತ್ತದೆ.

ಇನ್ನೊಂದು ಲಾಭ ಜಿಬ್ರಾಲ್ಟರ್ ಜಲಸಂಧಿ. ಬೆಟ್ಟದಿಂದ ಒಂದು ದಿನ ತಾರಿಫಾ ಕಡೆ ಇಳಿಯಿರಿ. ಆಫ್ರಿಕಾ ಎದುರಿಗೇ, ಕಿರಿದಾದ ಕಡೆ 14 ಕಿ.ಮೀ. ಅಷ್ಟೇ. ಅಗಲ ರೆಕ್ಕೆಯ ಗಿಡುಗ, ಹದ್ದುಗಳು ಬಿಸಿಗಾಳಿಯ ಮೇಲೆ ತೇಲಿ ಹೋಗುವಂಥವು, ನೀರಿನ ಮೇಲೆ ಬಿಸಿಗಾಳಿ ಏಳುವುದಿಲ್ಲ, ಅದಕ್ಕೇ ಸಮುದ್ರ ತುಂಬ ಕಿರಿದಾದ ಕಡೆ ಬಂದು ದಾಟುತ್ತವೆ. ಏಪ್ರಿಲ್ ಕೊನೆಯಿಂದ ಮೇ ನಡುವಿನ ತನಕ ಜೇನುಗಿಡುಗಗಳ ಸರದಿ. ಗಾಳಿ ಅನುಕೂಲವಿದ್ದರೆ ನೀರಿನ ಮೇಲಿಂದ ದಣಿದು, ತಗ್ಗಿನಲ್ಲಿ ಬರುತ್ತವೆ. ಗಾಳಿ ಅನುಕೂಲವಿಲ್ಲದಿದ್ದರೆ ಖಾಲಿ ಆಕಾಶ. ಅದಕ್ಕೆ ದಿನ ಮೊದಲೇ ಗೊತ್ತು ಮಾಡದೆ ಹವಾಮಾನ ನೋಡಿ ಹೋಗಿ.

ಊಟ ಸ್ವಲ್ಪ ಕಷ್ಟ. ಸೊಪ್ಪಿನ ಪಲ್ಯಕ್ಕೂ ಹಂದಿಮಾಂಸದ ಚೂರು ಹಾಕುತ್ತಾರೆ. "ಸಿನ್ ಹಾಮೋನ್, ಸಿನ್ ಕಾರ್ನೆ" (ಹಂದಿಮಾಂಸ ಬೇಡ, ಮಾಂಸವೇ ಬೇಡ) ಅಂತ ಪ್ರತಿ ಸಲ ಹೇಳಲೇಬೇಕು. ಪಾಲಕ್-ಕಡಲೆಕಾಳಿನ ಪಲ್ಯ ಸಿಕ್ಕಿದರೆ ಬಿಡಬೇಡಿ. ರಾತ್ರಿ ಊಟಕ್ಕೆ ಒಂಬತ್ತರ ಮೊದಲು ಒಲೆಯೇ ಹತ್ತಿರುವುದಿಲ್ಲ. ಬೆಳಗ್ಗೆ ಆರಕ್ಕೆ ಹೊರಡುವವರಿಗೆ ಇದು ನಿಜವಾದ ತೊಂದರೆ. ಅಡುಗೆಮನೆ ಇರುವ ಮನೆ ಬಾಡಿಗೆಗೆ ಹಿಡಿಯಿರಿ.

ಮೇ ಕೊನೆ, ಜೂನ್ ಶುರು: ಆರಗಾನ್

ಹಕ್ಕಿಯೇ ಮುಖ್ಯ, ಹೂವು ಸಿಕ್ಕಿದಷ್ಟು ಸಾಕು ಅನ್ನುವವರು ಮೇ ಕೊನೆಯ ತನಕ ಕಾಯಿರಿ. ಪಿರನೀಸ್ ಬೆಟ್ಟಸಾಲಿನ ದಕ್ಷಿಣದ ಮಗ್ಗುಲು, ಸ್ಪೇನಿನ ಆರಗಾನ್ ಪ್ರಾಂತ್ಯ. ಮ್ಯಾಡ್ರಿಡ್‌ನಿಂದ ವೇಗದ ರೈಲಿನಲ್ಲಿ ಒಂದೂಕಾಲು-ಒಂದೂವರೆ ಗಂಟೆಗೆ ಸರಗೋಸಾ, ಅಲ್ಲಿಂದ ಕಾರು.

ಮೊದಲು ರಿಗ್ಲೋಸ್. ಊರಿನ ಮನೆಗಳ ಹಿಂದೆಯೇ ಕೆಂಪು ಬಂಡೆಯ ಕಂಬಗಳು 300 ಮೀಟರ್ ನೆಟ್ಟಗೆ ನಿಂತಿವೆ, ಬಂಡೆ ತುಂಬ ಗ್ರಿಫನ್ ರಣಹದ್ದು. ರಾಮನಗರದ ರಾಮದೇವರ ಬೆಟ್ಟದಲ್ಲಿ ಗಂಟೆಗಟ್ಟಲೆ ಕಾದು ಒಂದೆರಡು ರಣಹದ್ದು ಕಂಡು ಖುಷಿಪಟ್ಟು ಬಂದವರು ನಾವು. ಡೈಕ್ಲೋಫೆನಾಕ್ ಅನ್ನುವ ನೋವಿನ ಔಷಧ ಹಾಕಿದ ದನದ ಹೆಣ ತಿಂದು ನಮ್ಮಲ್ಲಿ ರಣಹದ್ದುಗಳು ಹೇಗೆ ಸರ್ವನಾಶ ಆದವು ಅಂತ ಗೊತ್ತಿರುವವರಿಗೆ, 2006ರಲ್ಲಿ ಆ ಔಷಧ ನಿಷೇಧಿಸುವ ಹೊತ್ತಿಗೆ ಹೆಚ್ಚೇನೂ ಉಳಿದಿರಲಿಲ್ಲ ಅಂತ ನೆನಪಿರುವವರಿಗೆ, ಇಲ್ಲಿ ಒಂದೇ ಸಲಕ್ಕೆ ಅರವತ್ತು ಎಪ್ಪತ್ತು ರಣಹದ್ದು ತಲೆಯ ಮೇಲೆ ಸುತ್ತುವುದು ನೋಡಿದಾಗ ಗಂಟಲು ಕಟ್ಟುತ್ತದೆ. ಯುರೋಪಿನ ಗ್ರಿಫನ್‌ಗಳಲ್ಲಿ ಹತ್ತರಲ್ಲಿ ಒಂಬತ್ತು ಪಾಲು ಸ್ಪೇನಿನಲ್ಲೇ ಇವೆ. ಇಷ್ಟಿದ್ದೂ ಅದೇ ಔಷಧಕ್ಕೆ 2013ರಲ್ಲಿ ಸ್ಪೇನ್ ಅನುಮತಿ ಕೊಟ್ಟಿತು. ನಮ್ಮ ಕಥೆ ಅವರಿಗೆ ಗೊತ್ತಿರಲಿಲ್ಲ ಅಂತಲ್ಲ. ಅಲ್ಲಿ ಸಿಕ್ಕ ಹಕ್ಕಿಪ್ರಿಯರ ಹತ್ತಿರ ಇದನ್ನು ಮಾತಾಡಿ, ನಮ್ಮ ಅನುಭವ ನಾವೇ ಹೇಳಬೇಕು.

ಗಡ್ಡದ ರಣಹದ್ದನ್ನು ಹತ್ತಿರದಿಂದ ನೋಡಬೇಕಾದರೆ ಕ್ರೀಟ್ ಅಲ್ಲ, ಇಲ್ಲಿ. ಸ್ಪ್ಯಾನಿಶ್‌ನಲ್ಲಿ ಅದರ ಹೆಸರಿನ ಅರ್ಥವೇ ಮೂಳೆ ಮುರಿಯುವವನು. ಮೂಳೆಯನ್ನು ಎತ್ತಿಕೊಂಡು ಹೋಗಿ ಬಂಡೆಯ ಮೇಲೆ ಬೀಳಿಸಿ ಒಡೆದು ತಿನ್ನುತ್ತದೆ. ಎಚೋ ಕಣಿವೆಯಲ್ಲಿ ಮೂರು ದಿನದಲ್ಲಿ ಐದು ಸಲ ಕಂಡೆವು. ಅದೇ ಕಣಿವೆಯ ಮೇಲ್ಭಾಗದಲ್ಲಿ ಬೋಕಾ ದೆಲ್ ಇನ್ಫಿಯರ್ನೊ ಅನ್ನುವ ಕಿರಿದಾದ ಬಂಡೆಬಾಗಿಲು, ಅಲ್ಲಿ ವಾಲ್‌ಕ್ರೀಪರ್ ಮರಿ ಮಾಡುತ್ತದೆ. ಬಂಡೆಯದೇ ಬೂದು ಬಣ್ಣದ ಪುಟ್ಟ ಹಕ್ಕಿ, ಕೂತರೆ ಕಾಣುವುದೇ ಇಲ್ಲ, ರೆಕ್ಕೆ ಬಿಚ್ಚಿದಾಗ ಮಾತ್ರ ಒಳಗೆ ಅಚ್ಚ ಕುಂಕುಮ. ನಾಲ್ಕು ಗಂಟೆ ಬಂಡೆ ದಿಟ್ಟಿಸಲು ತಾಳ್ಮೆ ಇರಬೇಕು. ಅಕ್ಕ ಆ ನಾಲ್ಕು ಗಂಟೆ ನೆರಳಿನ ಬಂಡೆಸಂದಿಯಲ್ಲಿ ರಮೊಂಡಾ ಹುಡುಕಿದಳು. ಮನೆ ಕಿಟಕಿಯಲ್ಲಿ ಕುಂಡದಲ್ಲಿಡುವ ಆಫ್ರಿಕನ್ ವಯಲೆಟ್‌ನ ಕುಟುಂಬದ್ದು, ಹಳೆಯ ಬೆಚ್ಚಗಿನ ಯುಗದಿಂದ ಉಳಿದುಕೊಂಡ ಗಿಡ. ನೇರಳೆ ಹೂವು, ನಡುವೆ ಹಳದಿ ಮೂಗು. ಅವಳಿಗೆ ಅದು ಮೊದಲು ಸಿಕ್ಕಿತು, ನನಗೆ ವಾಲ್‌ಕ್ರೀಪರ್ ಆಮೇಲೆ.

ಜೊತೆಗೆ ಒಂದು ದಿನ ಸಾನ್ ಹುವಾನ್ ದೆ ಲಾ ಪೆನ್ಯಾ ಕಾಡಿಗೆ ಕೊಡಿ, ಕಪ್ಪು ಮರಕುಟಿಗಕ್ಕೆ. 1918ರಲ್ಲೇ ರಾಷ್ಟ್ರೀಯ ಉದ್ಯಾನ ಆದ ಒರ್ದೇಸಾ ಚೆಂದ, ಆದರೆ ಶನಿವಾರ-ಭಾನುವಾರ ಬೇಡ. ಮಳೆ ಎಲ್ಲಿಂದಲೋ ಮಧ್ಯಾಹ್ನ ಬರುತ್ತದೆ. ಏಪ್ರಿಲ್‌ನಲ್ಲಿ ಇಲ್ಲಿಗೆ ಹೋದರೆ ಮೇಲಿನ ರಸ್ತೆಗಳು ಹಿಮದಿಂದ ಮುಚ್ಚಿರಬಹುದು, ಹೋದದ್ದಕ್ಕೆ ಅರ್ಧ ಫಲ.

ಮಾರ್ಚ್ ಕೊನೆಗೇ ಹೊರಡುವವರಿಗೆ ಟ್ರೂಡೋಸ್

ಮಕ್ಕಳ ಪರೀಕ್ಷೆ ಮುಗಿದ ಕೂಡಲೇ, ಯುಗಾದಿ ಆಸುಪಾಸಿನಲ್ಲಿ ರಜೆ ಅಂದರೆ ಸೈಪ್ರಸ್. ಐದರಲ್ಲಿ ಎಲ್ಲಕ್ಕಿಂತ ಮೊದಲು ವಸಂತ ಬರುವುದು ಇಲ್ಲೇ. ಗಾಡಿ ನಮ್ಮ ಹಾಗೆ ರಸ್ತೆಯ ಎಡಕ್ಕೆ ಓಡಿಸುತ್ತಾರೆ, ಇಂಗ್ಲಿಷ್ ನಡೆಯುತ್ತದೆ. ಯುರೋಪಿನಲ್ಲಿ ಬಲಕ್ಕೆ ಓಡಿಸಲು ಹೆದರುವವರಿಗೆ ಇದೊಂದೇ ಸಾಕು ಇಲ್ಲಿಗೆ ಹೋಗಲು. ಟ್ರೂಡೋಸ್ ಸಾಲಿನ ಒಲಿಂಪಸ್ ಶಿಖರ 1,952 ಮೀಟರ್, ಇಲ್ಲಿ ಬಿಟ್ಟರೆ ಪ್ರಪಂಚದಲ್ಲಿ ಎಲ್ಲೂ ಮರಿ ಮಾಡದ ಸೈಪ್ರಸ್ ವಾರ್ಬ್ಲರ್ ಮತ್ತು ಸೈಪ್ರಸ್ ವೀಟಿಯರ್ ಎರಡೂ ಸುಲಭವಾಗಿ ಸಿಗುತ್ತವೆ. ವೀಟಿಯರ್ ತಂತಿಯ ಮೇಲೆ ಕೂತು ಹಾಡುತ್ತಿರುತ್ತದೆ, ಹುಡುಕಬೇಕಾಗಿಯೇ ಇಲ್ಲ. ಶಿಖರದ ಮೇಲೆ ಬ್ರಿಟಿಷರ ರೇಡಾರ್ ಕೇಂದ್ರ ಇದೆ, ಬೈನಾಕ್ಯುಲರ್ ಆ ಕಡೆ ತಿರುಗಿಸಬೇಡಿ.

ಊಟದ ಪಟ್ಟಿಯಲ್ಲಿ ಅಂಬೆಲೊಪೂಲಿಯಾ ಅಂತ ಯಾರಾದರೂ ಮೆಲ್ಲಗೆ ಹೇಳಿದರೆ ಎದ್ದು ಬನ್ನಿ. ಅದು ಅಂಟುಕಡ್ಡಿಯಲ್ಲೂ ಬಲೆಯಲ್ಲೂ ಹಿಡಿದ ಪುಟ್ಟ ವಲಸೆ ಹಕ್ಕಿಗಳು. 1974ರಿಂದಲೇ ಕಾನೂನಿಗೆ ವಿರುದ್ಧ, ಆದರೂ ಪೂರ್ತಿ ನಿಂತಿಲ್ಲ.

ಎತ್ತರ ಕಡಿಮೆ, ಹಿಮ ಬೇಗ ಹೋಗುತ್ತದೆ, ಮೇ ಹೊತ್ತಿಗೆ ತಗ್ಗೆಲ್ಲ ಒಣಗಿರುತ್ತದೆ. ಒಂದು ವಾರಕ್ಕಿಂತ ಹೆಚ್ಚು ಬೇಡ.

ಟರ್ಕಿಯ ಅಲಾದಾಲಾರ್, ಎರಡನೇ ಸಲ ಹೋಗುವವರಿಗೆ

ಮೇ ಕೊನೆಗೆ ಆರಗಾನ್‌ಗೆ ಪೈಪೋಟಿ ಕೊಡುವುದು ಇದೊಂದೇ. ನೀದೆ ಪ್ರಾಂತ್ಯದ ದೆಮಿರ್‌ಕಾಜಿಕ್ ಶಿಖರ 3,756 ಮೀಟರ್. ಬುಡದ ಚುಕುರ್‌ಬಾ ಹಳ್ಳಿಯಲ್ಲಿ ಉಳಿದು ರಾತ್ರಿ ಮೂರಕ್ಕೇ ಎದ್ದು, ಹಳ್ಳಿಯವರ ಟ್ರ್ಯಾಕ್ಟರ್ ಟ್ರೇಲರ್‌ನಲ್ಲಿ ಕಂಬಳಿ ಹೊದ್ದು ಕೂತು ಕತ್ತಲಲ್ಲಿ ಮೇಲೆ ಹೋಗುವುದು ಇಲ್ಲಿನ ರೂಢಿ. ಬೆಳಕು ಹರಿಯುವಾಗ ಹಿಮದ ಅಂಚಿನಲ್ಲಿ ನಿಂತಿರಬೇಕು. ಕ್ಯಾಸ್ಪಿಯನ್ ಸ್ನೋಕಾಕ್ ಕೂಗುವುದು ಆಗಲೇ. ಕೋಳಿಗಿಂತ ದೊಡ್ಡ ಹಕ್ಕಿ, ಏರುತ್ತಾ ಹೋಗುವ ಶಿಳ್ಳೆ. ಬಿಸಿಲೇರಿದರೆ ಬಂಡೆಗಳ ನಡುವೆ ಮಾಯ. ಕೆಂಪುಹಣೆಯ ಸೆರಿನ್, ಕೆಂಪುರೆಕ್ಕೆಯ ಫಿಂಚ್, ಹಿಮಫಿಂಚ್ ಇವೂ ಅಲ್ಲೇ.

ನನಗೆ ಮಾತ್ರ ಇಲ್ಲಿ ಮರೆಯಲಾಗದ ಹಕ್ಕಿ ಬೇರೆ. ಇಳಿದು ಬರುವಾಗ ಹಳ್ಳಿಯ ಬೇಲಿಯ ಮೇಲೆ ಹಳದಿ ಎದೆ, ಕರಿತಲೆಯ ಬಂಟಿಂಗ್ ಕೂತು ಎದೆಬಿರಿಯ ಹಾಡುತ್ತಿತ್ತು. ನಮ್ಮ ಉತ್ತರ ಕರ್ನಾಟಕದ ಜೋಳದ ಹೊಲಗಳಿಗೆ ಚಳಿಗಾಲದಲ್ಲಿ ಹಿಂಡುಹಿಂಡಾಗಿ ಬರುವುದು ಇದೇ ಜಾತಿ. ವಿಜಯಪುರದ ಕಡೆ ನೂರಾರು ನೋಡಿದ್ದೇನೆ, ಮಂಕು ಬಣ್ಣದಲ್ಲಿ, ಮಾತಿಲ್ಲದೆ ತೆನೆ ತಿನ್ನುತ್ತಾ. ಅದರ ಹಾಡು ಕೇಳಲು ಅದರ ತವರಿಗೇ ಹೋಗಬೇಕಾಯಿತು. ಸೈಪ್ರಸ್‌ನಲ್ಲೂ ಸಿಗುತ್ತದೆ, ಆದರೆ ಏಪ್ರಿಲ್ ಕೊನೆಯ ಮೇಲೆ. ಮಾರ್ಚ್‌ನಲ್ಲಿ ಹೋದರೆ ಅದು ಇನ್ನೂ ನಮ್ಮಲ್ಲೋ ದಾರಿಯಲ್ಲೋ ಇರುತ್ತದೆ.

ಹೂವಿನವರಿಗೆ ಇಲ್ಲಿ ಹಿಮದಂಚಿನ ಕ್ರೋಕಸ್, ಐರಿಸ್, ಬಂಡೆಗೆ ದಿಂಬಿನ ಹಾಗೆ ಅಂಟಿಕೊಂಡ ಗಿಡಗಳು ಇವೆ, ಆರ್ಕಿಡ್ ಕಡಿಮೆ. ಆರ್ಕಿಡ್‌ಗೆ ಟಾರಸ್ ಬೆಟ್ಟಸಾಲಿನ ದಕ್ಷಿಣ ಮಗ್ಗುಲಿಗೆ, ಅಕ್ಸೆಕಿ ಕಡೆಗೆ ಇಳಿಯಬೇಕು. ಟರ್ಕಿಯಲ್ಲಿ ಸಾಲೆಪ್ ಅನ್ನುವ ಬಿಸಿ ಹಾಲಿನ ಪಾನೀಯ ಮಾಡುವುದು ಕಾಡು ಆರ್ಕಿಡ್‌ನ ಗೆಡ್ಡೆಯ ಪುಡಿಯಿಂದ, ಒಂದು ಕಿಲೋ ಪುಡಿಗೆ ಸಾವಿರಕ್ಕೂ ಹೆಚ್ಚು ಗೆಡ್ಡೆ ಕೀಳಬೇಕು. ನಮ್ಮ ಗ್ರಂಧಿಗೆ ಅಂಗಡಿಗಳಲ್ಲಿ ಸಾಲಂ ಮಿಶ್ರಿ ಅಂತ ಸಿಗುವುದೂ ಆರ್ಕಿಡ್ ಗೆಡ್ಡೆಯೇ. ಹೂವು ನೋಡಲು ಹೋದವರು ಅದನ್ನು ಕೊಂಡು ತರಬೇಡಿ.

ಭಾಷೆ ಕಷ್ಟ, ದಾರಿ ದೂರ, ಎತ್ತರದ ಚಳಿ. ಅದಕ್ಕೇ ಮೊದಲ ಸಲಕ್ಕೆ ಬೇಡ ಅಂದೆ.

ಇನ್ನು ಕಾಗದಪತ್ರ. ಗ್ರೀಸ್, ಸ್ಪೇನ್ ಎರಡಕ್ಕೂ ಷೆಂಗೆನ್ ವೀಸಾ. ಆರು ತಿಂಗಳ ಮೊದಲೇ ಅರ್ಜಿ ಹಾಕಬಹುದು, ಬೇಸಿಗೆ ರಜೆಯ ನೂಕುನುಗ್ಗಲಿನಲ್ಲಿ ದಿನ ಸಿಗುವುದೇ ಕಷ್ಟ, ಹಾಗಾಗಿ ಏಪ್ರಿಲ್‌ಗೆ ಹೋಗುವವರು ಡಿಸೆಂಬರ್‌ನಲ್ಲೇ ಓಡಾಡಿ. ಟರ್ಕಿಗೆ ಬೇರೆ ವೀಸಾ. ಆರ್‌ಟಿಒದಲ್ಲಿ ಅಂತರರಾಷ್ಟ್ರೀಯ ಡ್ರೈವಿಂಗ್ ಪರ್ಮಿಟ್ ಮಾಡಿಸಿಕೊಳ್ಳಿ. ಒಮ್ಮೆ ಬಾಡಿಗೆ ಕಾರಿನ ಕೌಂಟರ್‌ನಲ್ಲಿ ಅದು ಇಲ್ಲದ ಗೆಳೆಯನಿಗೆ ಹಣ ಕಟ್ಟಿದ್ದರೂ ಕಾರು ಕೊಡಲಿಲ್ಲ, ಹಣವೂ ವಾಪಸ್ ಬರಲಿಲ್ಲ.

ಸಾಮಾನಿನಲ್ಲಿ 8x42 ಬೈನಾಕ್ಯುಲರ್, ಹೂವಿಗೆ ಹತ್ತುಪಟ್ಟಿನ ಕೈಲೆನ್ಸ್, ಮೊಣಕಾಲಿಗೆ ಹಾಸಲು ಒಂದು ಚಾಪೆಯ ತುಂಡು. ಈ ಚಾಪೆ ಅಕ್ಕನದೇ ಉಪಾಯ, ಕ್ರೀಟ್‌ನ ಮುಳ್ಳುಗುಡ್ಡದಲ್ಲಿ ಅದಿಲ್ಲದಿದ್ದರೆ ಮೂರನೇ ದಿನಕ್ಕೆ ಬಗ್ಗಲು ಆಗುತ್ತಿರಲಿಲ್ಲ. ಮತ್ತೆ, ಎರಡು ದೇಶ ಒಂದೇ ಪ್ರವಾಸಕ್ಕೆ ತುರುಕಬೇಡಿ. ಹತ್ತು ದಿನದಲ್ಲಿ ಕ್ರೀಟ್ ಮತ್ತು ಗ್ರಾಸಲೇಮಾ ಎರಡೂ ಆಗುತ್ತಾ ಅಂತ ಕೇಳುತ್ತಾರೆ. ವಿಮಾನ ನಿಲ್ದಾಣಗಳಲ್ಲೇ ಎರಡು ದಿನ ಹೋಗುತ್ತದೆ. ಆ ಎರಡು ದಿನ ಅದೇ ಬೆಟ್ಟದಲ್ಲಿ ಇನ್ನೊಂದು 500 ಮೀಟರ್ ಮೇಲೆ ಹೋಗಿ, ಕೆಳಗೆ ತಪ್ಪಿಹೋದ ಹೂವು ಅಲ್ಲಿ ಇನ್ನೂ ಮೊಗ್ಗಿನಲ್ಲಿ ಇರುತ್ತದೆ.